ಬೊಟ್ಟು

ಸಾವಿರ ಊದುಬತ್ತಿ ಹೊಸೆದರೆ ಇಷ್ಟು ಅಂತ ಕೂಲಿ.
ನಮ್ಮ ಲೆಕ್ಕ ಶುರುವಾಗುವುದೇ ಸಾವಿರದಿಂದ.
ಕ್ಯಾತಮಾರನಹಳ್ಳಿಯ ಈ ಒಂದಂಕಣದ ಮನೆಯಲ್ಲಿ
ನೂರರೊಳಗಿನ ಅಂಕಿಗೆ
ಯಾರೂ ತಲೆ ಕೆಡಿಸಿಕೊಂಡವರಲ್ಲ,
ತಂಗಿ ರಾಜಮಣಿಗೆ ಕೆಮ್ಮು ಕಚ್ಚಿಕೊಳ್ಳುವ ತನಕ.

ನಫೀಸಕ್ಕ ಸೆರಗಿನಲ್ಲಿ ಸುತ್ತಿ ತಂದಳು,
ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಡಬ್ಬಿ.
"ಬೆರಳಿಗೆ ಹಾಕು. ತೊಂಬತ್ನಾಲ್ಕರ ಕೆಳಗೆ ಇಳಿದ್ರೆ
ಕೂತ್ಕೋಬೇಡ, ಎದ್ದು ಬಾ."
ಆಗಲೇ ಮೂರು ಮನೆ ಸುತ್ತಿ ಬಂದಿತ್ತು ಅದು,
ಹೆಪ್ಪಿಗೆ ಇಸಕೊಂಡ ಮಜ್ಜಿಗೆಯ ಹಾಗೆ.

ಮೊದಲ ಸಲ ಡಬ್ಬಿ ಏನೂ ಹೇಳಲಿಲ್ಲ.
ಎರಡು ಗೀಟು, ಅಷ್ಟೆ.
"ಸತ್ತೋಗಿದ್ದೀನೇನೋ ನೋಡಕ್ಕ"
ಅಂದಳು ರಾಜಿ, ಕೆಮ್ಮಿನ ನಡುವೆ ನಕ್ಕು.
ಸತ್ತಿರಲಿಲ್ಲ. ಹದಿನೆಂಟು ವರ್ಷದ ಇದ್ದಿಲು, ಜಿಗಟು
ಉಗುರಿನ ಸಂದಿಯಲ್ಲಿ, ಚರ್ಮದ ಗೆರೆಗೆರೆಯಲ್ಲಿ.
ಕೆಂಪು ದೀಪ ಅದರಾಚೆ ಇಣುಕಲಾರದೆ ನಿಂತಿತ್ತು.
ಸೀಗೆಪುಡಿ, ಕೊಬ್ಬರಿ ಎಣ್ಣೆ, ಹಳೇ ಬ್ರಷ್ಷು.
ಅವಳ ಮದುವೆಗೂ ಹೀಗೆ ತಿಕ್ಕಿರಲಿಲ್ಲ ನಾನು.
ಕೊನೆಗೆ ಎಡಗೈಯ ನಡುಬೆರಳು ಒಪ್ಪಿತು:
96.

ಅಂದಿನಿಂದ ಹೊಗೆ ಬಂದ್.
ಹೊಸೆದ ಕಂತೆ ಮೂಲೆಯಲ್ಲಿ, ದೇವರಿಗೆ ಬರೀ ದೀಪ.
ಆಶಾ ಹೊನ್ನಮ್ಮ ಹೇಳಿದಂತೆ ಬೋರಲು ಮಲಗಿಸಿದೆ.
ರಾಜಿಯ ಕೈ ಚಾಪೆಯಿಂದಾಚೆ ಚಾಚಿರುತ್ತಿತ್ತು,
ನಾನು ಅವಳೆದುರು, ಒಲೆಗೆ ಬೆನ್ನು ಕೊಟ್ಟು.
ನೋಡುವುದು, ಕ್ಯಾಲೆಂಡರಿನಲ್ಲಿ
ಹಾಲಿನ ಲೆಕ್ಕದ ಕೆಳಗೆ ಬರೆಯುವುದು.
ಬೆಳಿಗ್ಗೆ 96. ಸಂಜೆ 96.
ಹೇಗೆ ತಿರುಗಿಸಿದರೂ ತೊಂಬತ್ತಾರೇ ಆಗಿರುವ ಅಂಕಿ.
ಅದೇ ನನ್ನನ್ನು ಪಳಗಿಸಿತು.

ನಾಲ್ಕನೇ ರಾತ್ರಿ 98.
ಬರೆದು ಸುತ್ತ ಗೆರೆ ಎಳೆದೆ, ಸ್ಕೂಲು ಮೇಷ್ಟರಂತೆ.
ರಾಜಿ ಏನೋ ಹೇಳಹೊರಟಳು.
"ಅಕ್ಕ, ನೀರು" ಅಂದು ನಿಂತಳು.
ಉಸಿರೆಳೆದು, "ನೀರು ಬೇಡ."
ಮತ್ತೆ ಉಸಿರು. ಮತ್ತೆ, "ಕಿಟಕಿ."
"ತೊಂಬತ್ತೆಂಟೈತೆ ಕಣೆ, ನಾಟಕ ಆಡ್ಬೇಡ" ಅಂದೆ.
ಅಂದೆ. ಈ ಬಾಯಲ್ಲೇ.
ಜೊತೆಗೆ 811 ಅಂತ ಮಿನುಗುತ್ತಿದ್ದ ಇನ್ನೊಂದು ಅಂಕಿಯನ್ನು
ಕಂಡೂ ಕಾಣದೆ.
ನಿಮಿಷಕ್ಕೆ ಎಂಟುನೂರ ಹನ್ನೊಂದು ಸಲ
ಯಾರ ಎದೆ ಬಡಿದೀತು?

ಹಾಲಿನವನ ಹಿಂದೆಯೇ ಹೊನ್ನಮ್ಮ ಬಂದಳು.
ಮೊದಲು ಮುಖ ನೋಡಿದಳು, ಆಮೇಲೆ ತುಟಿ,
ಆಮೇಲೆ ಡಬ್ಬಿ.
"ಎಷ್ಟು ಬರ್ದಿದ್ದೀಯ?"
"ತೊಂಬತ್ತೆಂಟು."
ಬೈಯಲಿಲ್ಲ ಅವಳು. ನನ್ನ ಭುಜ ಹಿಡಿದು
ತನ್ನ ಪಕ್ಕಕ್ಕೆ ಎಳೆದು ಕೂರಿಸಿದಳು.
ಆ ಕಡೆಯಿಂದ
ಅದು 86.

ನಫೀಸಕ್ಕನ ಮಗನ ಆಟೊ. ದೊಡ್ಡಾಸ್ಪತ್ರೆ.
ಆ ಒಂಬತ್ತು ದಿನದಲ್ಲಿ ನನಗೆ ನೆನಪಿರುವುದು ಇಷ್ಟೇ:
ಆಟೊದಲ್ಲಿ ಹಿಡಿದುಕೊಂಡಿದ್ದ ಅವಳ ಕೈ.
ಅಷ್ಟು ತಿಕ್ಕಿ ತೊಳೆದ ಬೆರಳುಗಳು
ಯಾರವೋ ಅನ್ನಿಸಿ, ಬಿಡಲೂ ಭಯವಾಗಿ.

ಈಗ ಬಂದಿದ್ದಾಳೆ. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಾಳೆ.
ಮಾತು ಮಾತ್ರ ಮೊದಲಿನಷ್ಟೇ ಉದ್ದ.
ಏನು ಹೇಳುತ್ತಾಳೆ ಅನ್ನುವುದಕ್ಕಿಂತ
ಎಲ್ಲಿ ನಿಲ್ಲಿಸುತ್ತಾಳೆ ಅಂತ ಕೇಳಿಸಿಕೊಳ್ಳುತ್ತೇನೆ.

ನಿನ್ನೆ ಎದುರುಮನೆ ತಾಯವ್ವನಿಗೆ ಡಬ್ಬಿ ಬೇಕಾಯಿತು.
ಕೊಡುವ ಮುನ್ನ ರಾಜಿ
ತನ್ನ ಹಣೆಯ ಸ್ಟಿಕರ್ ಕಿತ್ತು
ಅದರ ತಲೆಗೆ ಒತ್ತಿದಳು.
"ಬೊಟ್ಟು ಇರೋ ಕಡೆ ಮೇಲೆ" ಅಂತ ತೋರಿಸಿಕೊಟ್ಟಳು,
"ಆಮೇಲೆ ಮುಖಾನೂ ನೋಡಿ."
ಹೇಳುವಾಗ ನನ್ನ ಕಡೆ ತಿರುಗಲಿಲ್ಲ. ಅದು ಅವಳ ದೊಡ್ಡತನ.

ತಿಂಗಳು ಕಳೆದರೂ ಕ್ಯಾಲೆಂಡರಿನ ಆ ಹಾಳೆ ಹರಿದಿಲ್ಲ ನಾನು.
ಹಾಲಿನ ಲೆಕ್ಕ ಬಾಕಿ ಇದೆ, ಅನ್ನುತ್ತೇನೆ
ಕೇಳಿದವರಿಗೆ.