ಹದ

ಮಿನೇಜಿಸ್ ಸಾಹೇಬ್ರು ವರ್ಕಶಾಪ್ ಬಿಟ್ಟು
ಮಡಗಾಂವಕ್ಕ ಹೊಂಟಾಗ
ನಮ್ಮವರ ಕೈಯಾಗಿಟ್ಟು ಹೋದದ್ದು
ಮೂರು ಡಬ್ಬಿ, ಒಂದು ಪೈಪು.
ಮೂವತ್ತು ವರ್ಷ ಲೇಥಿನ ಮುಂದ ನಿಂತ ಮನಿಶಾ
ಅವತ್ತಿಂದ ಕೂಡೂದು ಕಲತ್ರು.

ಕೂಡೂದಂದ್ರ ಸುಮ್ಮನಲ್ಲ.
ಒಂದು ಡಬ್ಬಿ ತಗದು ಮೂಸಿ ನೋಡೂದು,
ಎರಡನೇದು ಮೂಸಿ ನೋಡೂದು,
ಮತ್ತ ಮೊದಲನೇದು.
ಕನ್ಯಾ ನೋಡಾಕ ಬಂದಾಗ ಸೈತ ನನ್ನ
ಇಷ್ಟು ಸಲ ನೋಡಿರಲಿಲ್ಲ.

ಕೆಂಪು ಡಬ್ಬಿದು ಮುಂಜಾನಿಗೆ,
ಬಣವಿ ವಾಸನಿ, ಒಣದ್ರಾಕ್ಷಿ ಸವಿ.
ಚಪ್ಪಟಿ ಡಬ್ಬಿದು ಊಟಾದ ಮ್ಯಾಲೆ.
ಕರೇದು ಮಾತ್ರ ಜಿಟಿಜಿಟಿ ಮಳಿಗೆ;
ಮುಚ್ಚಳ ತಗದ್ರ
ಎಂಜಿನ್ ಶೆಡ್ಡ ಪಡಸಾಲ್ಯಾಗ ಬಂದು ನಿಂತಂಗ.

"ಈಗ ಯಾವುದು ಸೇದಲಿ?"
ನನ್ನ ಕೇಳ್ತಾರ.
ನಾನೇನು ಸೇದಿದಾಕಿ ಅಲ್ಲ.
ಸುತ್ತಿದಾಕಿ.

ಹಳೇ ಹುಬ್ಬಳ್ಳಿ ಓಣ್ಯಾಗ, ಮದಿವಿಗಿಂತ ಮೊದಲ,
ದಿನಕ್ಕ ಎಂಟನೂರು ಬೀಡಿ.
ಮೊರದಾಗ ನಿಪ್ಪಾಣಿ ತಂಬಾಕ,
ಹಸಿ ತಟ್ಟಿನಾಗ ಎಲಿ,
ಬಾಜೂಕ ಹುಲಿಗೆವ್ವ, ಅಕಿ ಬಾಯಾಗ ಊರ ಮಂದಿ.
ಎಲಿ ಒಣಗಿತ್ತಂದ್ರ ಮಡಚಿದಲ್ಲೆ ಸೀಳತೈತಿ,
ನೀರ ಹೆಚ್ಚಾತಂದ್ರ ಬೂಸಲ.
ಸಂಜಿಕ ಗುಮಾಸ್ತ ಬಂದು ಹಿಚಕಿ ನೋಡಿ
ನೂರಕ್ಕ ಇಪ್ಪತ್ತು "ಛಾಟ" ಅಂತಿದ್ದ.
ರೊಕ್ಕ ಕೊಡತಿರಲಿಲ್ಲ,
ಬೀಡಿ ಮಾತ್ರ ಒಯ್ತಿದ್ದ.

ಈ ಬ್ಯಾಸಗಿ, ಗದಗ ರೋಡಿನ ಬಿಸಿಗಾಳಿಗೆ
ಕೆಂಪು ಡಬ್ಬಿ ತಂಬಾಕ ಹಪ್ಪಳಾತು.
ನಾಲಗಿ ಸುಡತೈತಿ ಅಂದ್ರು ಇವರು.
ಬಟಾಟಿ ಹೋಳ ಹಾಕಿದ್ರು,
ಬಟಾಟಿಗೇ ಬೂಸಲ ಬಂತು.
ಕಿತ್ತಳಿ ಸಿಪ್ಪಿ ಹಾಕಿದ್ರು,
ಸಾಹೇಬ್ರ ತಂಬಾಕ ಶರಬತ್ತಾತು.
ನಾ ಡಬ್ಬಿ ಕಸಕೊಂಡೆ.

ಹಂಚಿನ ಚೂರ ನೀರಾಗ ನೆನಸಿ, ಅರಿವಿಲೆ ಒರಸಿ,
ಒಳಗಿಟ್ಟು ಒಂದು ರಾತ್ರಿ ಮುಚ್ಚಿದೆ.
ಬೆಳಗಾಗೂದರಾಗ ಚಿಟಿಕಿ ತಗದು ಹಿಚಕಿದೆ:
ಮುದ್ದಿ ಆಗಬಾರದು,
ಪುಡಿನೂ ಆಗಬಾರದು,
ಬಿಟ್ಟ ಕೂಡಲೆ ನಿದ್ದಿಯಿಂದ ಎದ್ದ ಕೂಸಿನಂಗ
ಮೆಲ್ಲಕ ಮೈ ಮುರೀಬೇಕು.

ಮುರೀತು.

ಇವರು ತುಂಬಿದ್ರು, ಕಡ್ಡಿ ಕೊರದ್ರು, ಕಣ್ಣು ಮುಚ್ಚಿದ್ರು.
ಹೊಗಿ ಗ್ವಾಡಿ ಗಡಿಯಾರದ ತನಕ ಹೋಗಿ
ಅಲ್ಲೇ ನಿಂತಿತು ಸ್ವಲ್ಪೊತ್ತು.
"ಸಾಹೇಬ್ರ ಕೈಲೂ ಹಿಂಗ ಬಂದಿಲ್ಲ.
ಎಲ್ಲೆ ಕಲತಿ?"

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಈಗ ಕೇಳ್ತಾರ.
ಅವತ್ತು ಕನ್ಯಾ ನೋಡಾಕ ಬರೂಕಿಂತ ಮೊದಲ
ಅವ್ವ ನನ್ನ ಹತ್ತೂ ಬೆರಳಿಗೆ ಲಿಂಬಿ ಸಿಪ್ಪಿ ತಿಕ್ಕಿ,
ಸೀಗಿಕಾಯಿ ಹಚ್ಚಿ, ಮತ್ತ ಲಿಂಬಿ ತಿಕ್ಕಿ,
"ರೈಲ್ವೆ ವರಾ, ವಾಸನಿ ಗೊತ್ತಾಗಬಾರದು" ಅಂದಿದ್ಲು.
ಉಗುರಸಂದಿ ಉರಿ ಮೂರು ದಿನಾ ಇತ್ತು.

ಬೆರಳು ಮೂಗಿಗೆ ಹಿಡಕೊಂಡೆ.
ಬಣವಿ. ಒಣದ್ರಾಕ್ಷಿ.
ಅದರ ಕೆಳಗ, ಭಾಳ ಕೆಳಗ,
ಹಸಿ ತಟ್ಟು.

"ಆ ಕರೇ ಡಬ್ಬಿ ತರ್ರಿ ಇಲ್ಲೆ" ಅಂದೆ,
"ಅದರದೂ ಹದಾ ನೋಡೂಣು."