ನೀಲಿ ಒಳಗಿಳಿದಿಲ್ಲ

ಎಂಜೈಮ್ ಅಂದರೆ ಏನು ಅಂತ ನಾನು ಕೇಳಿದ್ದು
ಕೆಲಸಕ್ಕೆ ಸೇರಿದ ಆರನೇ ವರ್ಷ.
ಅಲ್ಲಿಯವರೆಗೆ ಅದು ಬರೀ ಒಂದು ನೀಲಿ ಕ್ಯಾನು,
ಬಳ್ಳಾರಿ ಮುಂಡರಗಿ ರಸ್ತೆಯ ನಮ್ಮ ವಾಷಿಂಗ್ ಯೂನಿಟ್ಟಿನಲ್ಲಿ
ಸೋಡಾ ಚೀಲದ ಪಕ್ಕ, ಹುಳಿಹಿಟ್ಟಿನ ವಾಸನೆ.
ಮಷೀನಿಗೆ ನೂರು ಪ್ಯಾಂಟು, ಐವತ್ತೈದು ಡಿಗ್ರಿ,
ಎರಡು ಮಗ್ಗು, ನಲವತ್ತು ನಿಮಿಷ.
ಒಳಗೆ ಹೋದ ಹೊಸ ಜೀನ್ಸು ಹೊರಗೆ ಬರುವಾಗ
ಯಾರೋ ಮೂರು ವರ್ಷ ತೊಟ್ಟು
ಮರೆತುಹೋದ ಹಾಗೆ ಇರುತ್ತದೆ.

ಹೇಳಿದವನು ಗಾದಿಲಿಂಗ.
ಕಾಲೇಜು ಲ್ಯಾಬಿನಲ್ಲಿ ಅಟೆಂಡರಾಗಿದ್ದು, ರಿಟೈರಾಗಿ
ನಮ್ಮಲ್ಲಿ ರಾತ್ರಿ ಕಾವಲಿಗೆ ಬಂದವನು.
“ಹತ್ತೀನ ತಿಂತೈತಪ್ಪ ಅದು.
ಬಾಯಿಲ್ಲ, ಹೊಟ್ಟಿಲ್ಲ, ಜೀವಾನೂ ಇಲ್ಲ. ತಿಂತೈತೆ.”

ಜೀವವಿಲ್ಲದ್ದು ಹೇಗೆ ತಿನ್ನುತ್ತದೆ?
ನಾನು ಎಸ್ಸೆಸ್ಸೆಲ್ಸಿ. ವಿಜ್ಞಾನದಲ್ಲಿ ಮೂವತ್ತೈದು.

ಮರುದಿನ ಗೋಣಿತಟ್ಟಿನಲ್ಲಿ ಸುತ್ತಿ ತಂದ,
ಕಾಲೇಜು ಹರಾಜು ಹಾಕಿದ ಮೈಕ್ರೋಸ್ಕೋಪು.
ಕನ್ನಡಿ ಒಡೆದಿತ್ತು. ಮೊಬೈಲ್ ಟಾರ್ಚು ಅಡಿಗಿಟ್ಟೆವು.
ದಾರ ಕತ್ತರಿಸುವ ಹೊನ್ನೂರಬಿ
ಅಕ್ಕಿನುಚ್ಚಿನಷ್ಟು ಎಳೆ ಕೊಯ್ದು ಗಾಜಿನ ಮೇಲಿಟ್ಟಳು.

ಮೊದಲು ಕಂಡದ್ದು ನನ್ನದೇ ರೆಪ್ಪೆಗೂದಲು.
ಆಮೇಲೆ ಒಂದು ಮಂಜು.
ಆಮೇಲೆ, ಗಾದಿಲಿಂಗ ತಿರುಪು ತಿರುಗಿಸಿದಂತೆ,
ಹಗ್ಗ! ಎತ್ತು ಕಟ್ಟಬಹುದಾದಂಥ ಹಗ್ಗ,
ಹೊರಗೆಲ್ಲ ನೀಲಿ. ಕೊಯ್ದ ತುದಿಯಲ್ಲಿ ಮಾತ್ರ
ನೀಲಿ ಬಳೆ ತೊಟ್ಟ ಬಿಳಿ.
ಇಷ್ಟು ವರ್ಷ ಒಗೆದಿದ್ದೇನೆ, ಗೊತ್ತೇ ಇರಲಿಲ್ಲ:
ನೀಲಿ ಒಳಗಿಳಿದಿಲ್ಲ.

“ಇಳಿಯಲ್ಲ,” ಅಂದ. “ಹಂಡೇದಾಗ ಅದು ಹಳದಿ-ಹಸಿರು.
ಮ್ಯಾಲೆತ್ತಿದ ಕೂಡ್ಲೆ ಗಾಳಿ ಮುಟ್ಟುತ್ತೆ, ನೀಲಿ ಆಗುತ್ತೆ.
ನೀರಿಗೆ ವಾಪಸ್ ಹೋಗಂಗಿಲ್ಲ,
ನೂಲಿಗೂ ಅದಕ್ಕೂ ಅಂಥಾ ನಂಟಿಲ್ಲ,
ಎಲ್ಲೋಗಬೇಕು? ಅಲ್ಲೇ ಕುಂತೈತೆ.”

ಹತ್ತಿ ಅಂದರೆ ಸಕ್ಕರೆಯಂತೆ,
ಸಾವಿರಾರು ಸಕ್ಕರೆ ಕೈಕೈ ಹಿಡಿದು ನಿಂತ ಸಾಲು.
ಹಿಡಿದ ಕೈ ಬಿಡಿಸುವುದೇ ಎಂಜೈಮಿನ ಉದ್ಯೋಗ.
ಒಂದು ಕೈ ಬಿಡಿಸಲು ಖರ್ಚು ನೀರಿನ ಒಂದೇ ಒಂದು ಅಣು,
ಹನಿಯಲ್ಲ, ಹನಿಯ ಕೋಟಿಯೊಂದು ಪಾಲೂ ಅಲ್ಲ, ಅಣು.
ಮೇಲೆ ನಾವು ದಿನಕ್ಕೆ ಹನ್ನೆರಡು ಟ್ಯಾಂಕರ್ ತರಿಸುತ್ತೇವೆ,
ಡ್ರೈವರಿನ ಜೊತೆ ದಿನಾ ಜಗಳ.

“ಎಲ್ಲೈತೆ ಅದು? ತೋರ್ಸು.”
“ಇದ್ರಾಗ ಕಾಣಲ್ಲ. ಅದು ಕಚ್ಚಿದ ಜಾಗ ಕಾಣ್ತೈತೆ, ನೋಡು.”
ಒಗೆದ ಎಳೆಯಿಟ್ಟ. ಬಳೆ ಅಲ್ಲಲ್ಲಿ ಹರಿದಿತ್ತು,
ಒಳಗಿನ ಬಿಳಿ ಹೊರಗೆ ಇಣುಕಿತ್ತು.
“ಎಷ್ಟು ಕೊಯ್ದರೂ ತಾನು ಮಾತ್ರ ಸವೆಯಲ್ಲ.”

ಹೊನ್ನೂರಬಿ ನಕ್ಕಳು. ಪ್ಯಾಂಟಿಗೆ ಅರವತ್ತು ಪೈಸೆ ಅವಳಿಗೆ.
“ನಂದು ನೋಡು ಹಂಗಾರೆ,” ಎಂದು ಹೆಬ್ಬೆರಳು ಚಾಚಿದಳು.
ರೇಷನ್ ಅಂಗಡಿಯ ಮಷೀನು ಮೂರು ತಿಂಗಳಿಂದ
ಅವಳನ್ನು ಅವಳಲ್ಲ ಅನ್ನುತ್ತಿತ್ತು.
ಟಾರ್ಚು ಈಗ ಮೇಲಿಂದ ಹಿಡಿದೆ.
ಚಿಕ್ಕ ಲೆನ್ಸು. ಉಸಿರು ಹಿಡಿ ಅಂದೆ.
ಬೋಳು ದಿನ್ನೆ. ಸೀಳು. ಸೀಳಿನ ತುಂಬ ನೀಲಿ.
ಇನ್ನಷ್ಟು ಪಕ್ಕಕ್ಕೆ ಸರಿಸಿದಾಗ, ಉಗುರಿನ ಅಂಚಿನ ಹತ್ತಿರ,
ಉತ್ತ ಹೊಲದ ಮೂಲೆಯಲ್ಲಿ ಉಳಿದ ಹಾಗೆ
ನಾಲ್ಕು ಸಾಲು. ಅಲ್ಲ, ಐದು.
“ಅದಾವೆ!” ನಾನು ಕೂಗಿದೆ. “ಗೆರಿ ಅದಾವೆ!”
ಅವಳು ತಾನೇ ಬಗ್ಗಿ ನೋಡಿದಳು, ಬಹಳ ಹೊತ್ತು,
ಆಮೇಲೆ ಸೆರಗಿನಿಂದ ಗಾಜು ಒರೆಸಿದಳು.

ಗಡಿಯಾರ ನೋಡಿದರೆ ನಲವತ್ತು ದಾಟಿತ್ತು.
ಸಮಯ ಮೀರಿದರೆ ಅದು ತಿನ್ನುತ್ತಲೇ ಹೋಗುತ್ತದೆ,
ಬಳೆ ಮುಗಿಸಿ ಬಿಳಿಗೆ, ಬಿಳಿ ಮುಗಿಸಿ ತೂತಿಗೆ.
ಎಂಬತ್ತಕ್ಕೆ ಏರಿಸಿ ಸಾಯಿಸಬೇಕು,
ನಮ್ಮಲ್ಲಿ ಹಾಗೇ ಅನ್ನುತ್ತಾರೆ,
ಜೀವವೇ ಇಲ್ಲದ್ದನ್ನು ದಿನಕ್ಕೆ ಎಂಟು ಸಲ.

ಎರ್ರಿಸ್ವಾಮಿ ಆಫೀಸಿನಿಂದ ಬಯ್ಯುತ್ತಿದ್ದಾನೆ.
ಸ್ಟೀಮಿನ ವಾಲ್ವಿನ ಮೇಲೆ ಕೈಯಿಟ್ಟಿದ್ದೇನೆ,
ಗಾಜಿನ ಆಚೆ ನೂರು ಪ್ಯಾಂಟು ಉರುಳುತ್ತಿವೆ,
ಯಾರ ಕೈಯೋ ಯಾರ ಕೈಯನ್ನೋ ಬಿಡುತ್ತಿದೆ,
ಇನ್ನೂ.