ಕಾಣೆಯಾದ ಸ್ಥಳ ಸೇರಿಸಿ

ಜೂನ್ ತಿಂಗಳು. ಥಾಬಾ ತ್ಸೇಕಾದಲ್ಲಿ ಹಿಮ.
ಹನ್ನೊಂದು ಜನ ಸಮಾಜ ವಿಜ್ಞಾನದ ಮೇಷ್ಟರು
ಹೊದ್ದ ಕಂಬಳಿ ಬಿಚ್ಚದೆ ಮಕ್ಕಳ ಬೆಂಚಿನಲ್ಲಿ ಕೂತಿದ್ದೇವೆ,
ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ.

ಟ್ಯಾಬ್ಲೆಟ್ ನಾಲ್ಕು. ಒಂದರ ಗಾಜು ಒಡೆದಿದೆ.
ಮಸೇರುವಿನಿಂದ ಬಂದ ತರಬೇತುದಾರ, ನ್ತಾತೆ ಸೆಖೊನ್ಯಾನ,
ನನಗಿಂತ ಇಪ್ಪತ್ತೆರಡು ವರ್ಷ ಚಿಕ್ಕವನು,
ಅಂಗೈ ತಿಕ್ಕಿ ತಿಕ್ಕಿ ಹೇಳುತ್ತಾನೆ:
"ಬೆರಳು ಬೆಚ್ಚಗಿರಬೇಕು ಅಮ್ಮಾ. ತಣ್ಣನೆ ಬೆರಳನ್ನು
ಈ ಗಾಜು ಬೆರಳೆಂದೇ ಒಪ್ಪುವುದಿಲ್ಲ."

ಒಪ್ಪಲಿಲ್ಲ.
ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದ ಬೆರಳು,
ತುದಿಯ ಗೆರೆಗಳೆಲ್ಲ ಸವೆದು ಹೋಗಿವೆ.
ಕಣ್ಣು ಮುಚ್ಚಿ ಆಫ್ರಿಕಾ ಬರೆಯುತ್ತಿದ್ದೆ ಇದರಲ್ಲೇ,
ಕೊಂಬಿನಿಂದ ಶುರುಮಾಡಿ ಒಂದೇ ಎಳೆತಕ್ಕೆ;
ಕೆಳಗೆ, ದೊಡ್ಡ ದೇಶವೊಂದರ ಹೊಟ್ಟೆಯೊಳಗೆ
ನುಂಗಿಯೂ ಅರಗದ ಕಡಲೆಕಾಳು, ನಾವು.

ಪಾಪಾ ಉಂಡು, ಸೊಪ್ಪಿನ ಪಲ್ಯ ಉಂಡು
ಮಧ್ಯಾಹ್ನ ಆಕಾಶದಿಂದ ಇಳಿಯುವುದನ್ನು ಕಲಿತೆವು.
ಎರಡು ಬೆರಳು ಅಗಲಿಸಿದರೆ ಖಂಡ ದೇಶವಾಗುತ್ತದೆ,
ದೇಶ ಕಣಿವೆಯಾಗುತ್ತದೆ, ಕಣಿವೆ
ಕುರಿದೊಡ್ಡಿಯ ಕಲ್ಲುಂಗುರವಾಗುತ್ತದೆ.
"ಈಗ ಹುಟ್ಟಿದೂರು ಹುಡುಕಿ" ಎಂದ.
ಅವನಿಗದು ಪಾಠಯೋಜನೆಯ ಮೂರನೆಯ ಚಟುವಟಿಕೆ.

ಪಕ್ಕದ ದಿನೇಓಗೆ ಚಾವಣಿ ಸಿಕ್ಕಿತು,
ಚಾವಣಿಯ ಮೇಲೆ ಹೇರಿದ ಟಯರು ಕೂಡ.
"ತಮ್ಮ ಇನ್ನೂ ತೆಗೆದಿಲ್ಲ ನೋಡಿ" ಎಂದು ನಕ್ಕಳು.

ನಾನು ಇಳಿದೆ. ಇಳಿದೆ.
ನೀಲಿ.
ಇನ್ನೂ ಅಗಲಿಸಿದೆ. ನೀಲಿಯೇ.
ಯಂತ್ರ ಕೈಕೊಟ್ಟಿತೋ ಎಂದು ನ್ತಾತೆ ಬಗ್ಗಿ ನೋಡಿದ.
"ಅಮ್ಮಾ, ಇದು ಅಣೆಕಟ್ಟಿನ ನೀರು."
ಹೌದಪ್ಪ, ಎಂದೆ. ಅದೇ ನನ್ನೂರು.

ಆ ನೀರು ಸುರಂಗ ಹಿಡಿದು, ಗಡಿ ದಾಟಿ,
ದೂರದ ಗಣಿನಗರದ ನಲ್ಲಿಗಳಲ್ಲಿ ಬೀಳುತ್ತದೆ.
ಕಲಿಸಿದವಳು ನಾನೇ: ಅಧ್ಯಾಯ ಏಳು,
ರಾಷ್ಟ್ರೀಯ ಆದಾಯದ ಮೂಲಗಳು, ಐದು ಅಂಕ.
ಉತ್ತರದಲ್ಲಿ ಹಾ ಮೊಖಾಲಿಯ ಹೆಸರಿರಲಿಲ್ಲ.
ಸೆಯಬಾತ ಎಂಬ ಹುಡುಗ ಒಮ್ಮೆ ಬರೆದಿದ್ದ,
ಮುಳುಗಿದ ಊರುಗಳ ಹೆಸರು ಒಂದು ಪುಟ.
ಸೊನ್ನೆ ಸುತ್ತಿದ್ದೆ. ಕೆಂಪು ಶಾಯಿ. ನಾನೇ.

ನ್ತಾತೆ ಪುಣ್ಯಾತ್ಮ, ಸುಮ್ಮನಿರಲಾರದೆ ಮೆನು ತೆರೆದ:
ಕಾಣೆಯಾದ ಸ್ಥಳ ಸೇರಿಸಿ.
ಹೆಸರು? ಗೆಣ್ಣಿನಿಂದ ಒತ್ತಿದೆ, ಒಂದೊಂದೇ ಅಕ್ಷರ.
ವರ್ಗ? ಅಂಗಡಿ, ಹೋಟೆಲು, ಪೆಟ್ರೋಲ್ ಬಂಕು, ಇತರೆ.
ಇತರೆ.
ತೆರೆದಿರುವ ವೇಳೆ?
ಹತ್ತು ಜನವೂ ನನ್ನ ಭುಜದ ಮೇಲೆ ಬಗ್ಗಿದ್ದರು.
ಹುಂಜ ಕೂಗಿದಾಗಿಂದ, ಎಂದೆ,
ಅಜ್ಜಿಯ ಗೋರಿ ಅಗೆದು, ಮೂಳೆ ಪೆಟ್ಟಿಗೆಗೆ ತುಂಬಿ
ಲಾರಿಗೇರಿಸಿದ ಆ ಮಂಗಳವಾರದವರೆಗೆ.
ಅಷ್ಟು ಬರೆಯಲು ಜಾಗವಿರಲಿಲ್ಲ. ಇದ್ದದ್ದು ಎರಡೇ:
ತಾತ್ಕಾಲಿಕವಾಗಿ ಮುಚ್ಚಿದೆ.
ಶಾಶ್ವತವಾಗಿ ಮುಚ್ಚಿದೆ.

ಯಾವುದನ್ನೂ ಒತ್ತಲಿಲ್ಲ.
ಬ್ಯಾಟರಿ ಹದಿನಾಲ್ಕಕ್ಕಿಳಿದಿತ್ತು. ಪ್ರಮಾಣಪತ್ರ ಹಂಚಿದರು.

ಆಗಸ್ಟಿನಲ್ಲಿ ಶಾಲೆ ತೆರೆಯಿತು. ಏಳನೆಯ ತರಗತಿಗೆ
ಮನೆಗೆಲಸ ಕೊಟ್ಟೆ: ಮುದುಕರನ್ನು ಕೇಳಿ ಬನ್ನಿ,
ನೀರಿನ ಕೆಳಗೆ ಏನೇನಿದೆ.
ತಂದರು. ಒಂದು ಒರತೆ, ಎರಡು ಹಾದಿ, ಪೀಚ್ ಮರ,
ಯಾರೋ ಯಾರಿಗೋ ಕಾಯುತ್ತಿದ್ದ ಬಂಡೆ.
ಒಂದೊಂದನ್ನೇ ನೀಲಿಗೆ ಚುಚ್ಚಿದರು.
ಪ್ರತಿ ಸಲವೂ ಟ್ಯಾಬ್ಲೆಟ್ ಕೇಳುತ್ತದೆ:
ಈ ಗುರುತು ನೀರಿನ ಮೇಲಿದೆ. ಖಚಿತವೇ?
ಬೆರಳಿಗೆ ಬಾಯಿಂದ ಬಿಸಿಯೂದಿ ಒತ್ತುತ್ತಾರೆ.

ಸೆಯಬಾತ ಈಗ ವ್ಯಾನು ಓಡಿಸುತ್ತಾನೆ, ಸಂತೆಗೂ ಆಸ್ಪತ್ರೆಗೂ.
ಶುಕ್ರವಾರ ಇಳಿಯುವಾಗ ಬಾಗಿಲು ಹಿಡಿದು ಹೇಳಿದೆ,
"ನಿನಗೆ ಐದು ಕೊಡಬೇಕಿತ್ತು ಕಣೋ, ಬಾಕಿ ಉಳಿದಿದೆ."
"ಬಿಡಿ ಅಮ್ಮಾ" ಎಂದ,
"ಕಲಿಸಿದವರ ಹತ್ತಿರ ಬಾಡಿಗೆ ತಗೊಳ್ಳೋದೇ?"
ಗೇರು ಹಾಕಿದ. ಧೂಳು.